ಟೈಲರ್ ಮಾಡಿದ ಬಿಸ್ಕತ್ತಿನ ಬಟ್ಟಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ 'ಪಾಪ, ಎಂಥ ಒಳ್ಳೆಯ ಗಂಡ' ಎಂದು ಯಾರಾದರೂ ಮೋಸಹೋದಾರು. ಮೂವತ್ತೊಂದು ವರ್ಷದಿಂದ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಳತೆ ತೆಗೆಯುವಾಗ ಗಿರಾಕಿಯ ಮುಖಕ್ಕೇ 'ಹೋದ ಸಲಕ್ಕಿಂತ ಎರಡಿಂಚು ಮುಂದೆ ಬಂದಿದೆ ಹೊಟ್ಟೆ' ಎಂದು ಹೇಳುವವನು ನಾನು. ಆ ಗಿರಾಕಿ ಹೊಸಿಲು ದಾಟುವುದರೊಳಗೆ ಅವನನ್ನು ನಗಿಸಿ, ಮುಂದಿನ ವಾರ ಇನ್ನೊಂದು ಪ್ಯಾಂಟಿನ ಬಟ್ಟೆ ತರುವಂತೆ ಮಾಡುವವಳು ನಮ್ಮವಳು. ಅಂಗಡಿಯಲ್ಲಿ ಎರಡು ಮೆಷಿನ್ನು ಎದುರುಬದುರು ಇವೆ. ಕತ್ತರಿಸಿ ಹೊಲಿಯುವುದು ನಾನು. ಕಾಜಾ, ಗುಂಡಿ, ಅಂಚು ಮಡಿಸುವುದು ಅವಳು. ಜನ ನನ್ನ ಕೈ ನೋಡಿ ಬರುತ್ತಾರೆ, ಅವಳ ಬಾಯಿ ನೋಡಿ ಉಳಿಯುತ್ತಾರೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಮದುವೆಗೆ ಮುಂಚೆ ಅವಳು ನಾಲ್ಕು ವರ್ಷ ಒಂದು ಬೇಕರಿಯಲ್ಲಿ ಕೆಲಸ ಮಾಡಿದ್ದಳು. ಅಲ್ಲಿ ಕಲಿತದ್ದರಲ್ಲಿ ಅವಳು ಬಿಡದೆ ಉಳಿಸಿಕೊಂಡು ಬಂದದ್ದು ಒಂದೇ: ಬಿಸ್ಕತ್ತಿನ ಬಟ್ಟಲು. ಮೊಟ್ಟೆಯ ಬಿಳಿ, ಪುಡಿ ಸಕ್ಕರೆ, ಕರಗಿಸಿದ ಬೆಣ್ಣೆ, ಒಂದಿಷ್ಟು ಮೈದಾ, ಇಷ್ಟೇ ಸಾಮಾನು. ಆ ಹಿಟ್ಟನ್ನು ಬಟರ್ ಪೇಪರಿನ ಮೇಲೆ ಚಮಚದ ಬೆನ್ನಿನಿಂದ ಎಷ್ಟು ತೆಳ್ಳಗೆ ಹರಡಬೇಕೆಂದರೆ ಕೆಳಗಿನ ಕಾಗದ ಮಸುಕಾಗಿ ಕಾಣಬೇಕು. ಓವನ್ನಿನಲ್ಲಿ ಆರೇಳು ನಿಮಿಷ. ಅಂಚು ಕೆಂಪಗಾಗಿ ನಡುವೆ ಇನ್ನೂ ಬೆಳ್ಳಗಿರುವಾಗಲೇ ತೆಗೆದು, ಆ ಸುಡುಸುಡು ಬಿಸ್ಕತ್ತನ್ನು ಬೋರಲು ಹಾಕಿದ ಗಾಜಿನ ಲೋಟದ ಮೇಲೆ ಹೊದಿಸಬೇಕು. ಹತ್ತು ಎಣಿಸುವವರೆಗೆ ಅದು ಬಟ್ಟೆಯ ಹಾಗೆ ಬಾಗುತ್ತದೆ. ಹನ್ನೊಂದಕ್ಕೆ ಗಟ್ಟಿ. ಆಮೇಲೆ ಬಗ್ಗಿಸಲು ಹೋದರೆ ಪುಡಿಪುಡಿ. ಸರಿಯಾಗಿ ಬಂದರೆ ಸುತ್ತಲೂ ನೆರಿಗೆ ಬಿದ್ದ ಪುಟ್ಟ ಬಟ್ಟಲು ಸಿಗುತ್ತದೆ. ಅದರೊಳಗೆ ನಿಂಬೆಹಣ್ಣಿನ ಹುಳಿ ಬೆರೆಸಿ ಕಡೆದ ಕೆನೆ ತುಂಬಿ ಕೈಗೆ ಕೊಡುತ್ತಾಳೆ. ತುಂಬಿದ ಮೇಲೆ ಮಾತಾಡುತ್ತಾ ಕೂರುವಂತಿಲ್ಲ, ಐದು ನಿಮಿಷಕ್ಕೆ ಮೆತ್ತಗಾಗಿಬಿಡುತ್ತದೆ.

ಇಷ್ಟು ವರ್ಷ ಅದನ್ನು ತಿಂದದ್ದು ನಾನು, ಮದುವೆಯಾಗಿ ಹೋಗುವವರೆಗೆ ನಮ್ಮ ಮಗಳು, ಮತ್ತೆ ಅಳತೆ ಸರಿಯಾಯಿತೇ ಎಂದು ನೋಡಲು ಬಂದು ಬೆಂಚಿನ ಮೇಲೆ ಕಾಯುವ ಗಿರಾಕಿಗಳು. ಅವರಲ್ಲೊಬ್ಬರು ಸಂಗೀತದ ಮೇಷ್ಟ್ರು. ಆರು ತಿಂಗಳಿಗೊಮ್ಮೆ ಪ್ಯಾಂಟಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ಬರುತ್ತಾರೆ. ಪ್ರತಿಸಲವೂ ನಾಲ್ಕು ಬಟ್ಟಲು ಖಾಲಿ ಮಾಡಿ 'ಅದು ಹೇಗೆ ಟೈಲರೇ ಸೊಂಟ ಬಿಗಿಯಾಗುತ್ತೆ?' ಎಂದು ನನ್ನನ್ನೇ ಕೇಳುತ್ತಾರೆ. ಸೇತುವೆ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಊಟದ ಕೊನೆಯ ಸಿಹಿ ಮಾಡುವವರನ್ನು ಹುಡುಕುತ್ತಿದ್ದಾರೆಂದು ಬಾಯಿ ಬಿಟ್ಟವರು ಅವರೇ. ಅವತ್ತಿನಿಂದ ಅವರ ಪ್ಯಾಂಟಿಗೆ ಕೈಹಾಕುವಾಗಲೆಲ್ಲ ನನಗೆ ಹಲ್ಲು ಕಡಿಯುವಂತಾಗುತ್ತದೆ.

ನಮ್ಮವಳು ನನಗೆ ಒಂದು ಮಾತೂ ಹೇಳದೆ ಹೋಟೆಲಿಗೆ ಫೋನು ಮಾಡಿದಳು. ಸಂಜೆ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಮುಂದಕ್ಕೆ ತಳ್ಳುತ್ತಾ ಹೇಳಿದಳು.

"ಎರಡು ವಾರ ಬಿಟ್ಟು ಶನಿವಾರ ಹನ್ನೊಂದು ಗಂಟೆಗೆ ಬರೋಕೆ ಹೇಳಿದಾರೆ. ಆರು ಬಟ್ಟಲು ತಗೊಂಡ್ಹೋಗಿ ತೋರಿಸಬೇಕಂತೆ. ಆರೂ ಒಂದೇ ಅಳತೆ ಇರಬೇಕಂತೆ."

"ಯಾರಿಗೆ?"

"ಅಲ್ಲಿನ ಹೆಡ್ ಕುಕ್‌ಗೆ. ನನ್ನ ಜೊತೆ ಇನ್ನಿಬ್ಬರನ್ನ ಕರೆದಿದಾರೆ. ಯಾರದು ಚೆನ್ನಾಗಿರುತ್ತೋ ಅವರಿಗೆ ಕೆಲಸ."

ನನಗೆ ಸಂತೋಷವಾಯಿತು ಎಂದು ಬರೆದರೆ ಹಸಿ ಸುಳ್ಳಾಗುತ್ತದೆ. 'ಒಳ್ಳೇದು' ಎಂದೆ, ತಟ್ಟೆ ನೋಡಿಕೊಂಡು ಊಟ ಮುಗಿಸಿದೆ. ಪಾತ್ರೆ ತೊಳೆಯುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಂಗಡಿ ಗತಿ?"

"ಬೆಳಿಗ್ಗೆ ಎಂಟಕ್ಕೆ ಹೋದ್ರೆ ಸಂಜೆ ಐದಕ್ಕೆ ಬರ್ತೀನಿ. ನಾನೇನು ಕಡಲು ದಾಟಿ ಹೋಗ್ತಿದೀನಾ?" ಅವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೋಡಿ, ಇಷ್ಟು ವರ್ಷ ನಿಮ್ಮ ಬಟ್ಟೆಗೆ ಕಾಜಾ ಹಾಕಿದೀನಿ. ಬೇಜಾರಿಂದ ಹಾಕಿಲ್ಲ. ಆದ್ರೆ ನಂದು ಅಂತ ಕೈಲಿ ಒಂದು ಕೆಲಸ ಇದೆಯಲ್ಲ, ಅದನ್ನ ಗೊತ್ತಿರೋರು ಯಾರಾದ್ರೂ ನೋಡಿ 'ಹೌದು, ಇದು ಕೆಲಸ' ಅನ್ಲಿ ಅಂತ ಆಸೆ. ಐವತ್ನಾಲ್ಕಾಯ್ತು ನಂಗೆ. ಇನ್ಯಾವಾಗ?"

ಮುಖ ಊದಿಸಿಕೊಂಡು ಮನೆಯ ಕೆಳಗಿನ ಅಂಗಡಿಗೆ ಇಳಿದು ಹೋಗಿ, ಆಗಲೇ ಚೂಪಾಗಿದ್ದ ಕತ್ತರಿಯನ್ನು ಇನ್ನೊಮ್ಮೆ ಸಾಣೆ ಹಿಡಿದೆ.

ಇದಾಗಿ ನಾಲ್ಕನೆಯ ದಿನ ಹಿತ್ತಲಲ್ಲಿ ಸೋಪಿನ ನೀರಿನ ಮೇಲೆ ಕಾಲಿಟ್ಟು ಜಾರಿದಳು. ಬಲಗೈ ಊರಿಕೊಂಡು ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ಡಾಕ್ಟರು ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, 'ಐದು ವಾರ ಅಲ್ಲಾಡಿಸುವಂತಿಲ್ಲ' ಎಂದರು. ಆ ಮಾತು ಕಿವಿಗೆ ಬಿದ್ದಾಗ ನನ್ನೊಳಗೆ ಒಂದು ಕ್ಷಣ ಏನೋ ಹಗುರಾಯಿತು. ಹೋಟೆಲಿನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಪಕ್ಕದಲ್ಲಿ ಅವಳು ನೋವಿಗೆ ತುಟಿ ಕಚ್ಚಿಕೊಂಡು ಕೂತಿದ್ದಳು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ, ಆದರೆ ಆದದ್ದು ಹಾಗೇ.

ಮನೆಗೆ ಬಂದು ಟೀ ಕುಡಿದಳು. ಲೋಟ ಕೆಳಗಿಟ್ಟಳು.

"ಟೈಲರೇ, ನಿಮ್ಮ ಕೈ ಕೊಡಿ ನೋಡೋಣ" ಎಂದಳು. ಅವಳು ನನ್ನನ್ನು ಟೈಲರೇ ಎಂದು ಕರೆಯುವುದು ಏನಾದರೂ ಕೆಲಸ ಆಗಬೇಕಾದಾಗ ಮಾತ್ರ.

ಕೊಟ್ಟೆ. ಎಡಗೈಯಿಂದ ನನ್ನ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಇಸ್ತ್ರಿಯ ಬಿಸಿ ತಿಂದು ದಡ್ಡುಗಟ್ಟಿದ ಬೆರಳುಗಳು.

"ಸಾಕು. ಈ ಬೆರಳು ಬಿಸಿ ತಡೆಯುತ್ತೆ. ಇನ್ನು ಹತ್ತು ದಿನ ಇದೆ, ನೀವು ಕಲೀರಿ."

"ನಾನಾ? ತಲೆ ಕೆಟ್ಟಿದೆಯಾ ನಿಂಗೆ? ದಿನ ಮುಂದಕ್ಕೆ ಹಾಕಿ ಅಂತ ಕೇಳಬಾರದಾ?"

"ಕೇಳಿದೆ, ಆಸ್ಪತ್ರೆಯಿಂದಲೇ. ಆಗಲ್ಲ ಅಂದ್ರು. ಹಿಟ್ಟು ನಂದು, ಹದ ನಂದು, ಕೈ ಮಾತ್ರ ನಿಮ್ಮದು. ಆಗಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ."

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಮರುದಿನದಿಂದ ಅಂಗಡಿ ತೆರೆಯುವ ಮುಂಚೆ ಎರಡು ತಾಸು ನನ್ನ ಪಾಠ. ಅವಳು ಓವನ್ನಿನ ಪಕ್ಕ ಸ್ಟೂಲು ಹಾಕಿಕೊಂಡು, ಪ್ಲಾಸ್ಟರ್ ಕೈಯನ್ನು ತೊಡೆಯ ಮೇಲಿಟ್ಟು, ಗಾಜಿನೊಳಗೆ ಕಣ್ಣು ನೆಟ್ಟು ಕೂರುತ್ತಿದ್ದಳು. ಒಂದು ಸಲಕ್ಕೆ ಎರಡೇ ಬಿಸ್ಕತ್ತು. 'ಈಗ!' ಎಂದ ಕೂಡಲೇ ನಾನು ಟ್ರೇ ಎಳೆದು, ಅಗಲ ಅಲಗಿನ ತೆಳು ಚಾಕುವನ್ನು ಬಿಸ್ಕತ್ತಿನಡಿ ತೂರಿಸಿ ಎತ್ತಿ, ಲೋಟದ ಮೇಲೆ ಹಾಕಬೇಕು. ಮೊದಲನೆಯದು ಎತ್ತುವಾಗ ಹರಿಯಿತು. ಇನ್ನೊಂದು ಲೋಟದ ಮೇಲೆ ಓರೆಯಾಗಿ ಕೂತು ಟೋಪಿಯಂತಾಯಿತು. ಮತ್ತೊಂದು ಸರಿಯಾಗಿ ಕೂತಿತು, ನೆರಿಗೆ ನೀಟಾಗಿ ಬರಲಿ ಎಂದು ಹೆಬ್ಬೆರಳಿನಿಂದ ಒತ್ತಿದೆ, ಪಟ್ ಎಂದು ನಾಲ್ಕು ಚೂರಾಯಿತು.

"ಒತ್ತಬೇಡಿ."

"ಒತ್ತದೆ ನೆರಿಗೆ ಹೇಗೆ ಬರುತ್ತೆ? ಆಕಾಶದಿಂದ ಇಳಿಯುತ್ತಾ?"

"ಒತ್ತಬೇಡಿ ಅಂದ್ನಲ್ಲ."

ಮೊದಲ ದಿನ ಹದಿನಾಲ್ಕು ಮಾಡಿದೆ, ಹದಿನಾಲ್ಕೂ ಹೋಯಿತು. ಎರಡನೆಯ ದಿನವೂ ಅದೇ ಕಥೆ. ಚಾಕು ಬಿಸಾಕಿ, 'ಇದು ಮನುಷ್ಯರು ಮಾಡೋ ಕೆಲಸ ಅಲ್ಲ, ನಿನಗೆ ಹುಚ್ಚು, ನಿನ್ನ ಹೋಟೆಲಿಗೆ ಹುಚ್ಚು' ಎಂದೆಲ್ಲ ಕೂಗಾಡಿದೆ. ಒಡೆದದ್ದು ನಾನು, ಬೈಸಿಕೊಂಡದ್ದು ಅವಳು. ಅವಳು ಚೂರುಗಳನ್ನೆಲ್ಲ ಎಡಗೈಯಲ್ಲಿ ಬಳಿದು ಬಟ್ಟಲಿಗೆ ಹಾಕಿ, ಒಂದನ್ನು ತಾನು ಬಾಯಿಗೆಸೆದುಕೊಂಡು, ಇನ್ನೊಂದನ್ನು ನನ್ನ ಕೈಗಿತ್ತು, "ರುಚಿಗೇನೂ ಮೋಸ ಇಲ್ಲ ಬಿಡಿ" ಎಂದಳು. ಆ ವಾರ ನಾವು ಟೀ ಜೊತೆ ತಿಂದದ್ದು ಬರೀ ಚೂರು.

ಮೂರನೆಯ ದಿನ ಎರಡು ಒಡೆದ ಮೇಲೆ ಅವಳು ಓವನ್ ಆರಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ರೀ, ಮದುವೆಯಾದ ಹೊಸದರಲ್ಲಿ ನಂಗೆ ಫ್ರಾಕಿನ ಘೇರು ಹೊಲಿಯೋದು ಹೇಳ್ಕೊಟ್ರಲ್ಲ. ಆಗ ಏನಂದ್ರಿ?"

"ಏನಾದ್ರೂ ಬೈದಿರ್ತೀನಿ."

"ಬೈದ್ರಿ. ಬೈದಾದ ಮೇಲೆ ಏನಂದ್ರಿ?"

ಯೋಚಿಸಿದೆ. ನೆನಪಾಯಿತು. ಆಗ ಅವಳು ಪ್ರತಿಯೊಂದು ನೆರಿಗೆಯನ್ನೂ ಬೆರಳಿನಿಂದ ತಿದ್ದಿ ತಿದ್ದಿ ಅಗಲಕ್ಕೆ ಹರಡಬೇಕಾದ ಘೇರನ್ನೆಲ್ಲ ಸೊರಗಿಸಿಟ್ಟಿದ್ದಳು. 'ಎಲ್ಲಿ ಬೀಳಬೇಕು ಅಂತ ಬಟ್ಟೆಗೆ ನೀನು ಹೇಳಬೇಡ. ಓರೆಗೆ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೆ ತಾನೇ ಬೀಳುತ್ತೆ. ನೀನು ಸುಮ್ನೆ ಹಿಡ್ಕೊಂಡಿರು' ಎಂದಿದ್ದೆ.

"ಅದೇ" ಎಂದಳು. "ಇದೂ ಓರೆಗೆ ಕತ್ತರಿಸಿದ ಬಟ್ಟೆನೇ ಅಂದ್ಕೊಳ್ಳಿ."

ಓವನ್ ಮತ್ತೆ ಹೊತ್ತಿಸಿದಳು. 'ಈಗ' ಎಂದಾಗ ಎತ್ತಿದೆ, ಲೋಟದ ಮೇಲೆ ಬಿಟ್ಟೆ, ಅಂಗೈಯನ್ನು ಮೇಲಿಂದ ಹಗುರಾಗಿ ಇಟ್ಟು ಸುಮ್ಮನೆ ನಿಂತೆ. ಬಿಸ್ಕತ್ತು ಲೋಟದ ಸುತ್ತ ತಾನಾಗಿಯೇ ಇಳಿಯಿತು. ಆರು ನೆರಿಗೆ ತಾವೇ ಬಿದ್ದವು, ಒಂದಕ್ಕಿಂತ ಒಂದು ಚೆಂದ. ಅಂಗೈ ಸುಡುತ್ತಿತ್ತು, ತೆಗೆಯಲು ಮನಸ್ಸು ಬರಲಿಲ್ಲ. ಅವಳು ಚಪ್ಪಾಳೆ ತಟ್ಟಲು ಹೋಗಿ, ಪ್ಲಾಸ್ಟರ್ ನೆನಪಾಗಿ, ತೊಡೆಯ ಮೇಲೇ ತಟ್ಟಿಕೊಂಡಳು. ನನಗೆ ಆ ಹೊತ್ತಿನಲ್ಲಿ ಅವಳ ಮೇಲೆ ಬಂದ ಪ್ರೀತಿ ಎಷ್ಟೆಂದರೆ, ಮುಚ್ಚಿಡಲು 'ಸಕ್ಕರೆ ಸ್ವಲ್ಪ ಕಮ್ಮಿ ಹಾಕಿದೀಯ' ಎಂದು ಏನೋ ಒದರಿದೆ.

ಆ ಮೇಲೆ ಒಡೆಯುವುದು ಕಡಿಮೆಯಾಯಿತು. ಉಳಿದದ್ದು ಒಂದೇ ತೊಂದರೆ. ಚಮಚದ ಬೆನ್ನಿನಲ್ಲಿ ಹರಡುವಾಗ ಅವಳ ಕೈಗೆ ತಾನಾಗಿ ಬರುತ್ತಿದ್ದ ಅಳತೆ ನನಗೆ ಬರುತ್ತಿರಲಿಲ್ಲ. ಒಂದು ಅಂಗೈಯಷ್ಟು, ಇನ್ನೊಂದು ತಟ್ಟೆಯಷ್ಟು. ಆರೂ ಒಂದೇ ಅಳತೆ ಇರಬೇಕೆಂದು ಹೇಳಿದ್ದರಲ್ಲ, ಅದೇ ನನ್ನ ತಲೆ ತಿನ್ನುತ್ತಿತ್ತು. ಅಳತೆ ತಪ್ಪಿದ ಕೆಲಸ ನನ್ನ ಕೈಯಿಂದ ಆಚೆ ಹೋಗುವುದೆಂದರೆ ನನಗೆ ಆಗಿಬರುವುದಿಲ್ಲ.

ಶನಿವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ನನಗೆ ಬುದ್ಧಿ ಓಡಿತು. ಅಂಗಡಿಗಿಳಿದು ನನ್ನ ಚಾಕ್ ತಂದೆ. ಬಟ್ಟೆಗೆ ಗುರುತು ಹಾಕುವ ಮೇಣದ ಚಾಕ್, ತಿಳಿನೀಲಿ ಬಣ್ಣದ್ದು. ಬಟರ್ ಪೇಪರುಗಳನ್ನೆಲ್ಲ ಮೇಜಿನ ಮೇಲೆ ಹಾಸಿ, ಸಾಸರ್ ಬೋರಲು ಹಾಕಿ, ಸುತ್ತ ಗೆರೆ ಎಳೆದೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿಟ್ಟಿಗೆ ಚಾಕ್ ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಈ ಚಾಕಿನ ಗುಣವೇ ಅದು: ಮೇಲೆ ಇಸ್ತ್ರಿ ಆಡಿಸಿದರೆ ಗುರುತು ಕರಗಿ ಮಾಯವಾಗುತ್ತದೆ. ಮೂವತ್ತು ವರ್ಷದಿಂದ ದಿನಾ ನೋಡಿದ್ದೇನೆ. ಇಸ್ತ್ರಿಯ ಬಿಸಿಗೇ ಹೋಗುವ ಚಾಕ್ ಓವನ್ನಿನ ಬಿಸಿಗೆ ಹೋಗದೇ ಇರುತ್ತದೆಯೇ? ಹಾಗೆಂದುಕೊಂಡೆ. ಬಟ್ಟೆಯಲ್ಲಿ ಕರಗಿದ ಮೇಣ ಬಟ್ಟೆಯೊಳಗೇ ಇಳಿದುಹೋಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಅವಳು ಬಂದು ಆ ತುದಿಯ ಕಟ್ಟೆಯ ಹತ್ತಿರ ಎಡಗೈಯಲ್ಲೇ ನಿಂಬೆಹಣ್ಣು ಹಿಂಡುತ್ತಾ, ಓವನ್ನಿನ ಗಾಜಿನ ಮೇಲೊಂದು ಕಣ್ಣಿಟ್ಟು 'ಈಗ', 'ಈಗ' ಎನ್ನುತ್ತಿದ್ದಳು. ನಾನು ಗೆರೆ ಮುಚ್ಚುವಂತೆ ಹಿಟ್ಟು ಹರಡಿ, ಎತ್ತಿ, ಹೊದಿಸಿ, ಎತ್ತಿ, ಹೊದಿಸಿ. ಎಂಟು ಬಟ್ಟಲು. ಒಂದೂ ಒಡೆಯಲಿಲ್ಲ, ಎಂಟೂ ಅಚ್ಚು ಹೊಯ್ದಂತೆ ಒಂದೇ. ನನಗಂತೂ ಕೊಂಬು ಮೂಡಿದ ಹಾಗಾಗಿತ್ತು. ಅವಳು ಬಂದು ಒಂದನ್ನು ಲೋಟದಿಂದ ಬಿಡಿಸಿ, ತಿರುಗಿಸಿ ಒಳಗೆ ನೋಡಿದಳು. ಇನ್ನೊಂದನ್ನು ಬಿಡಿಸಿದಳು, ಮತ್ತೊಂದನ್ನು. ಎಲ್ಲದರ ಒಳಗೂ ಬಾಯಂಚಿನ ಸುತ್ತ ನೀಲಿ ಬಳೆ. ಮೂಗಿನ ಹತ್ತಿರ ಹಿಡಿದರೆ ಆರಿಸಿದ ಮೇಣದಬತ್ತಿಯ ವಾಸನೆ.

"ಏನಿದು?"

ಹೇಳಿದೆ. ಇಸ್ತ್ರಿ, ಬಿಸಿ, ಗುರುತು ಎಂದು ತೊದಲುತ್ತಾ ಹೇಳಿದೆ. ಗಂಟೆ ಒಂಬತ್ತೂಕಾಲು. ಹತ್ತೂಕಾಲಿಗೆ ಹೊರಡಬೇಕು. ಹೊಸದಾಗಿ ಹಿಟ್ಟು ಕಲಸಿದರೆ ಅದು ಒಂದು ತಾಸಾದರೂ ತಣ್ಣಗೆ ಕೂರಬೇಕು. ಪಾತ್ರೆಯ ತಳದಲ್ಲಿ ಉಳಿದದ್ದು ಇನ್ನೇಳು ಚಮಚ.

ಅವಳು ಸ್ಟೂಲಿನ ಮೇಲೆ ಕೂತಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ತುಂಬಾ ಮೆಲ್ಲಗೆ ಕೇಳಿದಳು.

"ಬೇಕಂತ ಮಾಡಿದ್ರಾ?"

'ಏನಂದ್ಕೊಂಡಿದೀಯ ನನ್ನ' ಎಂದು ಎಗರಾಡಬೇಕಿತ್ತು, ಅದು ನನ್ನ ರೀತಿ. ಆದರೆ ಆಸ್ಪತ್ರೆಯಲ್ಲಿ ನನಗಾದ ಆ ಹಗುರು ನೆನಪಿಗೆ ಬಂದು ದನಿ ಏರಲಿಲ್ಲ.

"ಬೇಕಂತ ಮಾಡ್ಲಿಲ್ಲ" ಎಂದೆ. "ನಿನ್ನಾಣೆ, ಅಳತೆ ಸರಿ ಬರ್ಲಿ ಅಂತಲೇ ಮಾಡಿದ್ದು. ಆದ್ರೆ ನೀನು ಹೋಗೋದು ನಂಗೆ ಇಷ್ಟ ಇದೆಯಾ ಅಂತ ಕೇಳಿದ್ರೆ, ಇಲ್ಲ. ಎದುರಿಗೆ ನೀನಿಲ್ದೆ ಆ ಮೆಷಿನ್ ಮುಂದೆ ಹೇಗೆ ಕೂರೋದು ಅಂತ ಭಯ ಆಗುತ್ತೆ ನಂಗೆ. ಎರಡೂ ನಿಜ. ಈಗ ಬೈ, ಎಷ್ಟು ಬೇಕಾದ್ರೂ ಬೈ."

ಅವಳು ನನ್ನನ್ನೇ ನೋಡುತ್ತಾ ಕೂತಳು. ಕಣ್ಣಲ್ಲಿ ನೀರು ತುಂಬಿತು, ಆದರೆ ಕೆಳಗೆ ಬೀಳಲಿಲ್ಲ.

"ಬೈಯೋಕೆ ಈಗ ಟೈಮಿಲ್ಲ" ಎಂದು ಎದ್ದಳು. "ಹೊಸ ಪೇಪರ್ ತಗೊಳ್ಳಿ. ಗೆರೆ ಕೆಳಗಡೆ ಹಾಕಿ, ಪೆನ್ಸಿಲಲ್ಲಿ. ಕಾಗದ ಮಗುಚಿದ್ರೆ ಮೇಲಿಂದ ಕಾಣುತ್ತೆ."

ಅಷ್ಟು ಸುಲಭದ ವಿಷಯ. ನಾನು ಇಂಗು ತಿಂದ ಮಂಗನ ಹಾಗೆ ಪೆನ್ಸಿಲು ಹುಡುಕಿದೆ. ಈ ಸಲ ಅವಳು ಸ್ಟೂಲನ್ನು ನನ್ನ ಪಕ್ಕಕ್ಕೇ ಎಳೆದುಕೊಂಡು, ಹೆಗಲಿಗೆ ಹೆಗಲು ತಾಗಿಸಿ ಕೂತಳು. ಏಳು ಚಮಚದಲ್ಲಿ ಮೂರನೆಯದು ಎತ್ತುವಾಗಲೇ ಹರಿಯಿತು. ಅವಳು ತನ್ನ ಎಡಗೈಯನ್ನು ನನ್ನ ಬೆನ್ನ ಮೇಲಿಟ್ಟಳು, ಕೊನೆಯವರೆಗೂ ತೆಗೆಯಲಿಲ್ಲ. ಮಿಕ್ಕ ಆರೂ ಬಂದವು.

ಹೋಟೆಲಿಗೆ ಡಬ್ಬಿ ಹೊತ್ತುಕೊಂಡು ಹೋದವನು ನಾನೇ. ಬಸ್ಸಿನಲ್ಲಿ ಕೂತು ಹೋದರೆ ಕುಲುಕಾಟಕ್ಕೆ ಏನಾಗುತ್ತದೋ ಎಂದು ನಡೆದೇ ಹೋದೆವು. ದಾರಿಯಲ್ಲಿ ನನಗೊಂದು ಉಪಾಯ ಹೊಳೆಯಿತು.

"ಕೈ ಯಾವಾಗ ಮುರೀತು ಅಂತ ಕೇಳಿದ್ರೆ, ನಿನ್ನೆ ಸಂಜೆ ಅಂದುಬಿಡು. ಮಾಡಿಟ್ಟ ಮೇಲೆ ಬಿದ್ದೆ ಅಂತ. ಯಾರಿಗೆ ಗೊತ್ತಾಗುತ್ತೆ?"

ಅವಳು ನನ್ನ ಕಡೆ ಒಂದು ನೋಟ ನೋಡಿದಳು. ನಾನು ಡಬ್ಬಿಯನ್ನು ಎದೆಗವಚಿಕೊಂಡೆ.

ಹೋಟೆಲಿನ ಅಡುಗೆಮನೆಗೆ ಹಿಂದಿನ ಬಾಗಿಲಿನಿಂದ ಹೋಗಬೇಕು. ಉದ್ದುದ್ದ ಸ್ಟೀಲಿನ ಮೇಜು, ಹಬೆ, ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಬೈಯುವ ದನಿ. ಬೈಯುತ್ತಿದ್ದವಳೇ ಹೆಡ್ ಕುಕ್. ಮೂವತ್ತೈದು ದಾಟಿರದ ಹೆಂಗಸು, ಚುರುಕು ಕಣ್ಣು. ಅವಳ ಮೇಲಂಗಿಯ ಎಡ ಹೆಗಲು ಅರ್ಧ ಇಂಚು ಜೋತುಬಿದ್ದಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಮ್ಮವಳು ನನ್ನ ತೋಳು ಚಿವುಟಿದಳು.

ಡಬ್ಬಿ ಬಿಚ್ಚಿದಳು. ಹೆಡ್ ಕುಕ್ ಒಂದು ಬಟ್ಟಲನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದಳು, ಉಗುರಿನಿಂದ ತಟ್ಟಿ ಕಿವಿಗೊಟ್ಟಳು. ಆರನ್ನೂ ಸಾಲಾಗಿಟ್ಟು ಬಗ್ಗಿ ಅಂಚಿಗೆ ಕಣ್ಣಿಟ್ಟಳು. ನಮ್ಮವಳು ಎಡಗೈಯಲ್ಲೇ, ಚಮಚದ ತುದಿಯಿಂದ, ಒಂದು ಹನಿ ಆಚೆ ಬೀಳದಂತೆ ಕೆನೆ ತುಂಬಿದಳು. ಹೆಡ್ ಕುಕ್ ಕಚ್ಚಿದಳು. ಕರುಂ ಎಂದ ಸದ್ದು ನನಗೂ ಕೇಳಿಸಿತು. ಕಣ್ಣು ಮುಚ್ಚಿ ಪೂರ್ತಿ ತಿಂದಳು. ಬೆಳಿಗ್ಗೆಯೇ ಬಂದಿದ್ದ ಇನ್ನಿಬ್ಬರ ತಟ್ಟೆಗಳು ಆ ಬದಿಯಲ್ಲಿ ಅರ್ಧ ತಿಂದು ಬಿಟ್ಟಂತೆ ಇದ್ದವು.

"ಕೈಗೆ ಯಾವಾಗ ಏಟಾಯ್ತಮ್ಮ?" ಎಂದು ಕೇಳಿದಳು.

ನಾನು ಡಬ್ಬಿಯ ಮುಚ್ಚಳ ನೋಡತೊಡಗಿದೆ.

"ಹತ್ತು ದಿನ ಆಯ್ತು" ಎಂದಳು ನಮ್ಮವಳು.

"ಮತ್ತೆ ಇದನ್ನ ಮಾಡಿದ್ದು?"

"ಹಿಟ್ಟು ನಂದು, ಹದ ನೋಡಿದ್ದು ನಾನು. ಬಟ್ಟಲು ಮಾಡಿದ್ದು ನಮ್ಮನೆಯವರು. ಟೈಲರ್ ಇವರು. ಹತ್ತು ದಿನದ ಹಿಂದೆ ಒಂದು ಮೊಟ್ಟೆ ಒಡೆಯೋಕೂ ಬರ್ತಿರ್ಲಿಲ್ಲ. ನಾನು ಮಾಡಿದ್ದು ಅಂತ ಹೇಳಿ ಕೆಲಸ ತಗೊಳ್ಳೋಕೆ ಬಂದಿಲ್ಲ. ನನ್ನ ಕೈ ಸರಿಹೋಗೋಕೆ ಇನ್ನೂ ಮೂರೂವರೆ ವಾರ ಬೇಕು. ಅಷ್ಟು ಕಾಯೋಕೆ ಆಗಲ್ಲ ಅಂದ್ರೆ ನಂಗೆ ಅರ್ಥ ಆಗುತ್ತೆ. ಆದ್ರೆ ನೀವು ತಿಂದ್ರಲ್ಲ, ಅಷ್ಟು ಸಾಕು."

ನಮ್ಮವಳಿಗೆ ಅಷ್ಟು ಸಾಕಾಗಿರಲಿಲ್ಲ. ಅವಳ ಕತ್ತಿನ ನರ ಎದ್ದು ಕಾಣುತ್ತಿತ್ತು, ಅದು ನನಗೆ ಗೊತ್ತಾಗದೇ ಇರುತ್ತದೆಯೇ.

ಹೆಡ್ ಕುಕ್ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಯಜಮಾನ್ರೇ, ನಿಜ ಹೇಳಿ. ಇವರ ಹತ್ರ ಕಲಿಯೋದು ಹೇಗಿತ್ತು?"

ಈಗ ಬರೆಯುವಾಗ ಅನ್ನಿಸುತ್ತದೆ, ನನಗೆ ಬೇಕಾಗಿದ್ದುದು ಆಗ ನನ್ನ ಬಾಯಲ್ಲೇ ಇತ್ತು. 'ಕೈಗೆ ಇನ್ನೂ ಬಲ ಬಂದಿಲ್ಲ ಮೇಡಂ, ಅವಳಿಗೆ ವಿಶ್ರಾಂತಿ ಬೇಕು' ಎಂದು ಕಾಳಜಿಯ ದನಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಸೋಮವಾರ ಅವಳು ನನ್ನ ಎದುರಿನ ಮೆಷಿನ್ನಿಗೆ ಬಂದು ಕೂರುತ್ತಿದ್ದಳು. ಯಾರೂ ನನ್ನನ್ನು ಕೆಟ್ಟವನು ಎನ್ನುತ್ತಿರಲಿಲ್ಲ, ಅವಳು ಕೂಡ. ನಾನು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಏನು ಬೇಕಾದರೂ ಹೇಳಲಿ ಎಂದು ಮುಖವನ್ನು ಆ ಕಡೆ ತಿರುಗಿಸಿ ನಿಂತಿದ್ದಳು.

"ಮೇಡಂ, ನನ್ನ ಬಾಯಿ ಸರಿ ಇಲ್ಲ" ಎಂದೆ. "ಯಾರನ್ನ ಬೇಕಾದ್ರೂ ಕೇಳಿ. ಈ ಹತ್ತು ದಿನದಲ್ಲಿ ನಲವತ್ತು ಒಡೆದಿದೀನಿ. ಒಡೆದವನು ನಾನು, ಕೂಗಾಡಿದವನೂ ನಾನು. ಇವಳು ಒಂದು ಸಲ ದನಿ ಎತ್ತಲಿಲ್ಲ. ಹಾಗಂತ ಬಿಟ್ಟೂ ಕೊಡಲಿಲ್ಲ, ಸರಿ ಬರೋವರೆಗೂ ಮಾಡಿಸಿದ್ಳು. ನಂಗೆ ಗೊತ್ತಿಲ್ಲದ ಕೆಲಸಾನ ನಂಗೆ ಗೊತ್ತಿರೋ ಮಾತಲ್ಲೇ ಹೇಳ್ಕೊಟ್ಳು. ಇವತ್ತು ಬೆಳಿಗ್ಗೆ ನಾನು ಮಾಡಿದ ಎಡವಟ್ಟಿಗೆ ಬೇರೆ ಯಾರಾದ್ರೂ ಆಗಿದ್ರೆ ಚಮಚ ತಗೊಂಡು ತಲೆ ಮೇಲೆ ಬಾರಿಸ್ತಿದ್ರು. ಇವಳು ಬೆನ್ನ ಮೇಲೆ ಕೈಯಿಟ್ಳು." ಹೆಡ್ ಕುಕ್ ಕಡೆ ಒಂದು ಹೆಜ್ಜೆ ಇಟ್ಟೆ. "ಇವಳು ಇಲ್ಲಿಗೆ ಬರೋದು ನಂಗೆ ಇಷ್ಟ ಇಲ್ಲ. ಇವಳಿಲ್ದಿದ್ರೆ ನನ್ನ ಅಂಗಡೀಲಿ ಒಂದು ವಾರಕ್ಕೆ ಒಬ್ಬ ಗಿರಾಕಿ ಉಳಿಯಲ್ಲ. ಆದ್ರೂ ನೀವು ನಿಜ ಹೇಳಿ ಅಂದ್ರಲ್ಲ, ಹೇಳ್ತೀನಿ. ಇವಳನ್ನ ಬಿಟ್ಟುಕೊಟ್ರೆ ನಿಮ್ಮಷ್ಟು ದಡ್ಡರು ಯಾರೂ ಇಲ್ಲ."

ಪಾತ್ರೆ ಉಜ್ಜುತ್ತಿದ್ದವರೂ ಕೈ ನಿಲ್ಲಿಸಿದರು. ನಮ್ಮವಳು ಕಣ್ಣು ಮುಚ್ಚಿಕೊಂಡಳು. ಕೆಲಸ ಹೋಯಿತು, ನಾನೇ ಕೆಡಿಸಿದೆ ಎಂದುಕೊಂಡೆ.

ಹೆಡ್ ಕುಕ್ ಇನ್ನೊಂದು ಬಟ್ಟಲು ಎತ್ತಿ ಕಚ್ಚಿದಳು. ಅಗಿಯುತ್ತಲೇ ಹೇಳಿದಳು.

"ಇಲ್ಲಿ ಐದು ಜನ ಇದಾರೆ. ಹತ್ತು ಕೈ. ಕೈಗೆ ಇಲ್ಲಿ ಬರಗಾಲ ಇಲ್ಲ, ಹೇಳ್ಕೊಡೋರಿಲ್ಲ. ನಾನು ಹೇಳ್ಕೊಡೋಕೆ ಹೋದ್ರೆ ಅಳ್ತಾರೆ. ನಿಮ್ಮ ಯಜಮಾನ್ರ ಥರ ಬಾಯಿ ನಂದೂನೂ." ಕೈ ಒರೆಸಿಕೊಂಡಳು. "ಮೂರೂವರೆ ವಾರ ಯಾಕಮ್ಮ ಕಾಯ್ತೀರಿ? ಸೋಮವಾರ ಎಂಟಕ್ಕೆ ಬನ್ನಿ. ಸ್ಟೂಲ್ ಹಾಕಿಸಿರ್ತೀನಿ."

ಹೊರಗೆ ಬಂದು ಸೇತುವೆ ಅರ್ಧ ದಾಟಿದೆವು. ಕೆಳಗೆ ನೀರು ಹರಿಯುತ್ತಿತ್ತು, ಪಕ್ಕದಲ್ಲಿ ಸೈಕಲ್ಲುಗಳು ಗಂಟೆ ಬಾರಿಸುತ್ತಾ ಹೋಗುತ್ತಿದ್ದವು. ಅವಳು ಕಟ್ಟೆಗೆ ಒರಗಿ ನಿಂತಳು. ನಿಂತು ನಕ್ಕಳು, ನಗುತ್ತಲೇ ಅತ್ತಳು, ಎಡಗೈಯಿಂದ ಮೂಗು ಒರೆಸಿಕೊಂಡಳು.

"ಹೆಡ್ ಕುಕ್‌ನ ದಡ್ಡರು ಅಂದ್ರಲ್ರೀ!"

"ಅಂದೆ. ಈಗ ಒಂದು ಮಾತಿದೆ, ಒಂದೇ ಸಲ ಹೇಳಿಬಿಡ್ತೀನಿ. ಆಮೇಲೆ ಯಾವತ್ತೂ ಎತ್ತಲ್ಲ."

"ಹೇಳಿ."

"ಹೋಗಬೇಡ."

ಅವಳು ನನ್ನ ಅಂಗಿಯ ಕಾಲರ್ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಆಯ್ತು, ಕೇಳಿಸ್ಕೊಂಡೆ" ಎಂದಳು. "ಸೋಮವಾರ ನಿಮ್ಮನ್ನ ಎಷ್ಟೊತ್ತಿಗೆ ಎಬ್ಬಿಸ್ಲಿ? ಮಾಮೂಲಿನಂಗೆ ಏಳೂವರೆಗಾ?"

"ಆರಕ್ಕೇ ಎಬ್ಬಿಸು" ಎಂದೆ. "ಆ ಪ್ಲಾಸ್ಟರ್ ಕೈ ಇಟ್ಕೊಂಡು ಜಡೆ ಹೇಗೆ ಹಾಕ್ಕೋತೀಯ? ತಲೆ ಕೆದರ್ಕೊಂಡು ಹೋಗ್ತೀಯಾ ಕೆಲಸಕ್ಕೆ, ಮೊದಲನೇ ದಿನ?"